ಭಂಗಾರವೂ ಬಂಗಾರವೂ: ಹಳೆಯ ಸೈಕಲ್ಲಿಗೆ ನ್ಯಾಯವಾದ ಬೆಲೆ ಕಟ್ಟುವ ಬಗೆ

ಮರಾಠಿಯವರು ಗುಜರಿ ಸಾಮಾನಿಗೆ ಭಂಗಾರವೆನ್ನುತ್ತಾರೆ. ನಾವು ಚಿನ್ನಕ್ಕೆ ಬಂಗಾರವೆನ್ನುತ್ತೇವೆ. ಎರಡಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ಊರಿನಿಂದ ಹೊಸದಾಗಿ ಬಂದ ಹುಡುಗನು ಮುಂಬಯಿಯ ಗಲ್ಲಿಯಲ್ಲಿ ‘ಭಂಗಾರ್, ಭಂಗಾರ್’ ಎಂದು ಕೂಗುತ್ತ ಹೋಗುವ ಕೈಗಾಡಿಯವನನ್ನು ಕಂಡು, ಇವನೇನು ಚಿನ್ನವನ್ನು ಬೀದಿಯಲ್ಲಿ ಮಾರುತ್ತಿರುವನೇ ಎಂದು ಬೆರಗಾಗುವುದುಂಟು. ಆದರೆ ಕೆಲವೊಮ್ಮೆ ಆ ಹುಡುಗನ ತಪ್ಪು ತಿಳುವಳಿಕೆಯೇ ನಿಜವಾಗುತ್ತದೆ. ಅಂತಹ ಒಂದು ಪ್ರಸಂಗವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲೇಖನಿ ಹಿಡಿಯುವ ಮೊದಲು ನಾವು ಹದಿನೆಂಟು ವರ್ಷಗಳ ಕಾಲ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರೆಂಬುದು ನಮ್ಮ ವಾಚಕರಿಗೆ ತಿಳಿದ ಸಂಗತಿ. ಈಗ ನಮ್ಮ ತಮ್ಮನ ವಶದಲ್ಲಿರುವ ಆ ಹೋಟೆಲಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನೊಬ್ಬನಿದ್ದಾನೆ. ಕುಂದಾಪುರದ ಕಡೆಯವನು, ಮಾತು ಕಡಿಮೆ, ಕೈಕೆಲಸ ಹೆಚ್ಚು. ಕಳೆದ ವರ್ಷ ಫೆಬ್ರವರಿಯಲ್ಲಿ ಅವನು ದಾದರಿನ ಪಾರ್ಸಿ ಕಾಲನಿಯ ಒಂದು ಮನೆಗೆ ತಿಂಗಳ ಬಿಲ್ಲಿನ ಹಣಕ್ಕಾಗಿ ಹೋಗಿದ್ದಾಗ, ಮಹಡಿಯ ಮೆಟ್ಟಲಿನ ಕೆಳಗೆ ಧೂಳು ಹಿಡಿದು ನಿಂತಿದ್ದ ಒಂದು ಸೈಕಲ್ಲನ್ನು ಕಂಡನು. ಮನೆಯ ವೃದ್ಧೆ ಅದನ್ನು ಮರುದಿನ ಭಂಗಾರದವನಿಗೆ ಕೊಡುವವರಿದ್ದರು. ಅವರ ಅಣ್ಣನು 1970ರ ದಶಕದಲ್ಲಿ ಇಂಗ್ಲೆಂಡಿನಿಂದ ತಂದ ಹತ್ತು ಗೇರಿನ ರ‍್ಯಾಲಿ ಗ್ರ್ಯಾಂಡ್ ಪ್ರಿ ಸೈಕಲ್ಲು ಅದು. ಗುಮಾಸ್ತನು ಮೂರು ಸಾವಿರ ರೂಪಾಯಿ ಕೊಡುವುದಾಗಿ ಹೇಳಿದನು. ಆಕೆ ಒಪ್ಪಿ, ಒಂದೇ ಒಂದು ಮಾತು ಸೇರಿಸಿದರು: “ಓಡಿಸುವವರ ಕೈಗೆ ಕೊಡು. ಗೋಡೆಗೆ ತೂಗುಹಾಕುವವರಿಗೆ ಕೊಡಬೇಡ.”

ಈ ಮಾತು ಮುಂದೆ ಅವನನ್ನು ಸಾಕಷ್ಟು ಕಾಡಿತು. ಅದನ್ನು ಯಥಾಸ್ಥಾನದಲ್ಲಿ ಹೇಳುತ್ತೇವೆ.

ಎಂತಹ ಸೈಕಲ್ಲು?

ನಮ್ಮಲ್ಲಿ ಹೆಚ್ಚಿನವರು ಬಲ್ಲ ಸೈಕಲ್ಲು ಕಪ್ಪು ಬಣ್ಣದ, 28 ಇಂಚು ಚಕ್ರದ, ಸಲಾಕೆಯ ಬ್ರೇಕಿನ ಗಟ್ಟಿ ಜೀವ. ಹಾಲಿನ ಕ್ಯಾನು, ಪಾವಿನ ಬುಟ್ಟಿ, ಗ್ಯಾಸಿನ ಸಿಲಿಂಡರು ಇವನ್ನೆಲ್ಲ ಹೊತ್ತದ್ದು ಅದೇ. ಸ್ವಾತಂತ್ರ್ಯಾನಂತರ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, ಬಂಗಾಳದ ಆಸನಸೋಲಿನಲ್ಲಿ ಸೆನ್-ರ‍್ಯಾಲಿ, 1951ರಲ್ಲಿ ಸೋನೆಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಹೀಗೆ ಒಂದೊಂದಾಗಿ ಕಾರ್ಖಾನೆಗಳೆದ್ದು ಆ ಸೈಕಲ್ಲನ್ನು ಮನೆಮನೆಗೆ ತಲುಪಿಸಿದವು. ನಮ್ಮ ಗುಮಾಸ್ತನಿಗೆ ಸಿಕ್ಕಿದ್ದು ಈ ಜಾತಿಯದಲ್ಲ. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಸಪೂರವಾದ ಟಯರು, ತಂತಿಯ ಬ್ರೇಕು. ದೂರದ ರಸ್ತೆಯನ್ನು ವೇಗವಾಗಿ ಕ್ರಮಿಸಲೆಂದೇ ಮಾಡಿದ ಯಂತ್ರ.

ಇಂತಹ ಸೈಕಲ್ಲುಗಳು ಮುಂಬಯಿಯ ಹಳೆಯ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ಇರುವುದಕ್ಕೆ ಕಾರಣವಿದೆ. 1923ರಲ್ಲಿ ಈ ನಗರದ ಪಾರ್ಸಿ ತರುಣರ ತಂಡವೊಂದು ಸೈಕಲ್ಲಿನಲ್ಲಿ ಭೂಪ್ರದಕ್ಷಿಣೆಗೆ ಹೊರಟು, ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು 1928ರಲ್ಲಿ ಯಾತ್ರೆ ಮುಗಿಸಿ ಮರಳಿದರು. ಖಂಡಾಲೆಯ ಘಾಟಿಯನ್ನೇರಿ ಸಾಗುವ ಮುಂಬಯಿ-ಪುಣೆ ಸೈಕಲ್ ಪಂದ್ಯವೂ, ಆ ಏರಿನಲ್ಲಿ ಮುಂದಾದವನಿಗೆ ಸಲ್ಲುವ ‘ಘಾಟಿಯ ರಾಜ’ ಎಂಬ ಬಿರುದೂ ಇಲ್ಲಿನವರಿಗೆ ಪರಿಚಿತ. ನಮ್ಮ ನಾಡಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗರು ಸೈಕಲ್ ಪಂದ್ಯಗಳಲ್ಲಿ ಪಡೆದ ಹೆಸರನ್ನು ಬಲ್ಲ ಕನ್ನಡಿಗರಿಗೆ ಈ ವಿಷಯ ಹೊಸದೇನೂ ಅಲ್ಲ.

ಪರೀಕ್ಷೆ ಮೊದಲು, ಉತ್ಸಾಹ ಆಮೇಲೆ

ಸಾಮಾನನ್ನು ಮನೆಗೆ ತಂದ ಕೂಡಲೇ ಬಣ್ಣದ ಡಬ್ಬಿಯನ್ನು ತೆರೆಯುವುದು ಅವಿವೇಕ. ಮೊದಲು ನೋಡತಕ್ಕದ್ದು ಫ್ರೇಮನ್ನು. ಹ್ಯಾಂಡಲ್ಲು ಕೂರುವ ಮುಂದಿನ ಕೊಳವೆಯ ಹಿಂಬದಿಯಲ್ಲಿ, ಓರೆ ಕೊಳವೆಯ ಕೆಳಮೈಯನ್ನು ಬೆರಳಿನಿಂದ ಸವರಿ ನೋಡಬೇಕು. ಅಲ್ಲಿ ಉಬ್ಬೋ ಬಣ್ಣದ ಸುಕ್ಕೋ ಕಂಡುಬಂದರೆ ಸೈಕಲ್ಲು ಎಂದೋ ಎದುರಿಗೆ ಢಿಕ್ಕಿ ಹೊಡೆದಿದೆಯೆಂದು ತಿಳಿಯಬೇಕು. ಆಮೇಲೆ ದಾರದ ಪರೀಕ್ಷೆ. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಬದಿಯ ಸೀಳಿಗೆ ದಾರ ಕಟ್ಟಿ, ಅದನ್ನು ಮುಂದಿನ ಕೊಳವೆಯನ್ನು ಬಳಸಿ ತಂದು, ಮತ್ತೊಂದು ಬದಿಯ ಸೀಳಿಗೆ ಬಿಗಿಯಬೇಕು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕಿರುವ ಅಂತರ ಸಮನಾಗಿದ್ದರೆ ಫ್ರೇಮು ನೆಟ್ಟಗಿದೆ. ಎರಡು ರೂಪಾಯಿಯ ದಾರವು ಎರಡು ಸಾವಿರದ ನಷ್ಟವನ್ನು ತಪ್ಪಿಸಬಲ್ಲುದು.

ಸವೆದ ಚೈನನ್ನು ಅಳೆಯಲು ಶಾಲಾ ಮಕ್ಕಳ ಫುಟ್‌ಪಟ್ಟಿ ಸಾಕು. ಹೊಸ ಚೈನಿನ ಹನ್ನೆರಡು ಪೂರ್ಣ ಕೊಂಡಿಗಳು ಸರಿಯಾಗಿ ಹನ್ನೆರಡು ಇಂಚು ಇರುತ್ತವೆ. ಇಂಚಿನ ಹದಿನಾರನೆಯ ಒಂದು ಪಾಲು ಹೆಚ್ಚಾಗಿದ್ದರೆ ಚೈನು ಬದಲಿಸಬೇಕು. ಎಂಟನೆಯ ಒಂದು ಪಾಲು ಹೆಚ್ಚಾಗಿದ್ದರೆ ಅದು ಫ್ರೀವೀಲಿನ ಹಲ್ಲುಗಳನ್ನೂ ತಿಂದಿರುವುದು ಬಹುತೇಕ ನಿಶ್ಚಯ.

ಟಯರಿನ ವಿಷಯದಲ್ಲಿ ನಮ್ಮವರು ಮೋಸ ಹೋಗುವುದು ಹೆಚ್ಚು. ಈ ಸೈಕಲ್ಲಿನದು 27 ಇಂಚಿಗೆ ಒಂದೂಕಾಲು ಇಂಚಿನ ಟಯರು. ರಿಮ್ಮಿನಲ್ಲಿ ಅದು ಕೂರುವ ವ್ಯಾಸ 630 ಮಿಲಿಮೀಟರು. ಪೇಟೆಯಲ್ಲಿ ಎಲ್ಲೆಲ್ಲೂ ಸಿಗುವ 28ಕ್ಕೆ ಒಂದೂವರೆಯದು 635. ಈಗಿನ ರೇಸಿನ ಸೈಕಲ್ಲಿನ 700-ಸಿ ಎಂಬುದು 622. ಐದು ಮಿಲಿಮೀಟರಿನ ವ್ಯತ್ಯಾಸ ತಾನೇ ಎಂದು ಅಂಗಡಿಯವನ ಮಾತಿಗೆ ತಲೆದೂಗಿ ತಂದರೆ, ಓಡುವಾಗ ಟಯರು ರಿಮ್ಮಿನಿಂದ ಕಳಚಿ ಸವಾರನು ರಸ್ತೆಯ ಪಾಲಾಗುತ್ತಾನೆ. ಆದುದರಿಂದ ಟಯರಿನ ಬದಿಯ ಅಂಕೆಯನ್ನು ಓದದೆ ಕೊಳ್ಳತಕ್ಕದ್ದಲ್ಲ.

ಕೆಲಸದ ಕ್ರಮ

ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ತಿಂಡಿಯ ಗಿರಾಕಿಗಳು ಬರುವ ನಡುವಣ ವಿರಾಮದಲ್ಲಿ, ಮತ್ತು ವಾರದ ರಜೆಯಲ್ಲಿ, ಅವನು ಹೋಟೆಲಿನ ಹಿಂಬದಿಯ ಪ್ಯಾಸೇಜಿನಲ್ಲಿ ಕುಳಿತು ಕೆಲಸ ಮಾಡಿದನು. ಹಿಟ್ಟಿನ ಹಳೆಯ ತಟ್ಟೆಗಳಲ್ಲಿ ಬಿಡಿಭಾಗಗಳನ್ನು ಕಳಚಿದ ಕ್ರಮದಲ್ಲೇ ಜೋಡಿಸಿಟ್ಟಿದ್ದನು. ಎಡಗಡೆಯ ಪೆಡಲಿನ ಎಳೆ ಉಲ್ಟಾ ಇರುತ್ತದೆ. ಇಂಗ್ಲಿಷ್ ಸೈಕಲ್ಲುಗಳಲ್ಲಿ ಕ್ರ್ಯಾಂಕಿನ ಅಚ್ಚನ್ನು ಹಿಡಿಯುವ ಬಲಗಡೆಯ ಕಪ್ಪಿನದೂ ಹಾಗೆಯೇ. ಇದನ್ನರಿಯದೆ ಬಲ ಪ್ರಯೋಗಿಸಿದವರ ಸೈಕಲ್ಲುಗಳೇ ಭಂಗಾರದ ಗಾಡಿಯನ್ನು ತುಂಬಿವೆ. ಇನ್ನೊಂದು ಸೂಕ್ಷ್ಮವಿದೆ. ರ‍್ಯಾಲಿ ಕಂಪನಿಯ ಅನೇಕ ಫ್ರೇಮುಗಳಲ್ಲಿ ಈ ಕಪ್ಪಿನ ಎಳೆಗಳು ಇಂಚಿಗೆ 26; ಉಳಿದ ಇಂಗ್ಲಿಷ್ ಸೈಕಲ್ಲುಗಳಲ್ಲಿ 24. ಒಂದನ್ನು ಮತ್ತೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಕೆಡುತ್ತದೆ. ಹಳೆಯ ಕಪ್ಪು ಸವೆಯದಿದ್ದರೆ ಅದನ್ನೇ ತೊಳೆದು ಉಳಿಸಿಕೊಳ್ಳುವುದು ಜಾಣತನ.

ಬಾಲ್ಸು ಮಾತ್ರ ಎಲ್ಲವೂ ಹೊಸತಾಗಿರಬೇಕು. ಕ್ರ್ಯಾಂಕಿನ ಅಚ್ಚಿಗೆ ಕಾಲಿಂಚಿನವು ಬದಿಗೆ ಹನ್ನೊಂದು, ಹಿಂದಿನ ಹಬ್ಬಿಗೆ ಕಾಲಿಂಚಿನವೇ ಬದಿಗೆ ಒಂಬತ್ತು, ಮುಂದಿನ ಹಬ್ಬಿಗೆ ಇಂಚಿನ ಹದಿನಾರನೆಯ ಮೂರು ಪಾಲಿನವು ಬದಿಗೆ ಹತ್ತು. ಕ್ರ್ಯಾಂಕನ್ನು ಹಿಡಿಯುವ ಕಾಟರ್ ಪಿನ್ನು ಮಾತ್ರ ಯಾವ ಗಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ, ಏಕೆಂದರೆ ನಮ್ಮ ಕಪ್ಪು ಸೈಕಲ್ಲಿಗೂ ಅದೇ ಬೇಕು. ಅರದಿಂದ ಉಜ್ಜಿ ಕೂರಿಸುವ ಸಹನೆಯೊಂದಿದ್ದರೆ ಸಾಕು. ಬ್ರೇಕಿನ ಹಳೆಯ ರಬ್ಬರು ನೋಡಲು ಎಷ್ಟೇ ಚೆನ್ನಾಗಿದ್ದರೂ ಕಲ್ಲಾಗಿರುತ್ತದೆ; ಅದನ್ನೂ ತಂತಿಗಳನ್ನೂ ಬದಲಿಸಲೇಬೇಕು. ಗೇರು ಬದಲಿಸುವ ಹಿಂದಿನ ಸಾಧನವು ಆ ಕಾಲದ ಸಿಂಪ್ಲೆಕ್ಸ್ ಕಂಪನಿಯ ಪ್ಲಾಸ್ಟಿಕ್ಕಿನದಾಗಿದ್ದು, ಮುಟ್ಟಿದೊಡನೆ ಬಿರುಕು ಬಿಟ್ಟಿತು. ಅದಕ್ಕೆ ಹಳೆಯ ದಾಸ್ತಾನಿನಿಂದ ಉಕ್ಕಿನದೊಂದನ್ನು ಹುಡುಕಿ ತಂದನು.

ಬಣ್ಣದ ಪ್ರಶ್ನೆ ಬಂದಾಗ ನಾವು ತಪ್ಪು ಸಲಹೆ ಕೊಟ್ಟೆವೆಂಬುದನ್ನು ಒಪ್ಪಿಕೊಳ್ಳಬೇಕು. ಹೋಟೆಲಿನವರ ಬುದ್ಧಿ, ದೀಪಾವಳಿಗೆ ಗೋಡೆಗೆ ಬಣ್ಣ ಬಳಿದಂತೆ ಇದಕ್ಕೂ ಬಳಿಸೆಂದೆವು. “ಬೇಡ ಧಣಿಗಳೇ, ಕಾರ್ಖಾನೆಯ ಬಣ್ಣ ಒಂದೇ ಸಲ ಇರುವುದು. ಕೆರೆಸಿ ಬಳಿದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ” ಎಂದನು. ವಿಚಾರಿಸಿದಾಗ ಅದು ನಿಜವೆಂದು ತಿಳಿಯಿತು. ಬಲ್ಲವರು ಹಳೆಯ ಬಣ್ಣದ ಗೀರುಗಳನ್ನು ಸಹಿಸುತ್ತಾರೆ, ಹೊಸ ಬಣ್ಣದ ಹೊಳಪನ್ನು ಶಂಕಿಸುತ್ತಾರೆ. ಅದರ ಕೆಳಗೆ ಏನು ಅಡಗಿದೆಯೋ ಎಂದು. ಆದ್ದರಿಂದ ಅವನು ಸೋಪಿನ ನೀರಿನಿಂದ ತೊಳೆದು ಮೇಣ ಹಾಕಿ ಉಜ್ಜಿದನು. ಕ್ರೋಮಿನ ಮೇಲಿನ ತುಕ್ಕನ್ನು, ಪಾರ್ಸೆಲ್ ಕಟ್ಟುವ ಅಲ್ಯುಮಿನಿಯಂ ಹಾಳೆಯ ಚೂರನ್ನು ನೀರಿನಲ್ಲದ್ದಿ ಉಜ್ಜಿ ತೆಗೆದನು.

ಬೆಲೆ ಕಟ್ಟುವ ಬಗೆ

ಏಪ್ರಿಲ್ ಕೊನೆಗೆ ಸೈಕಲ್ಲು ಸಿದ್ಧವಾಯಿತು. ಅವನ ಪುಸ್ತಕದ ಲೆಕ್ಕ ಹೀಗಿತ್ತು: ಸೈಕಲ್ಲಿನ ಖರೀದಿ 3,000 ರೂಪಾಯಿ, ಎರಡು ಟಯರು-ಟ್ಯೂಬು 2,200, ಚೈನು, ಫ್ರೀವೀಲು 1,150, ಗೇರಿನ ಸಾಧನ 900, ಬ್ರೇಕಿನ ರಬ್ಬರು ಮತ್ತು ತಂತಿ 750, ಸ್ಪೋಕು ಹಾಗೂ ಚಕ್ರ ನೇರ ಮಾಡಿಸಿದ ಮಿಸ್ತ್ರಿಯ ಕೂಲಿ 600, ಬಾಲ್ಸು, ಗ್ರೀಸು, ಪಿನ್ನು, ಮೇಣ 450, ಹ್ಯಾಂಡಲ್ಲಿನ ಪಟ್ಟಿ 350. ಒಟ್ಟು 9,400. ಇದಲ್ಲದೆ ನಲವತ್ತು ಗಂಟೆಗಳ ದುಡಿಮೆ. ಗಂಟೆಗೆ ನೂರರಂತೆ ಹಿಡಿದರೂ 4,000. ಹೀಗೆ ಅಸಲು 13,400 ಆಯಿತು.

ತನ್ನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮ ಜನರ ಹಳೆಯ ಚಾಳಿ. ಎಷ್ಟೋ ಸಣ್ಣ ಹೋಟೆಲುಗಳು ಮುಚ್ಚಿದ್ದು ಇಡ್ಲಿಯ ಬೆಲೆಯಲ್ಲಿ ಅಕ್ಕಿ-ಉದ್ದನ್ನು ಸೇರಿಸಿ, ರುಬ್ಬಿದವನ ರಾತ್ರಿಯನ್ನು ಸೇರಿಸದೆ ಹೋದುದರಿಂದ. ಆದರೆ ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ನಮಗೆ ಇಷ್ಟು ಖರ್ಚಾಯಿತು, ಆದ್ದರಿಂದ ಇಷ್ಟು ಕೊಡಿ ಎಂದರೆ ಗಿರಾಕಿ ಕೇಳುವುದಿಲ್ಲ. ಅಸಲು ಮಾರುವವನಿಗೆ ನೆಲ ಮಾತ್ರ. ಮಾಳಿಗೆಯನ್ನು ಕಟ್ಟುವುದು ಪೇಟೆ.

ಪೇಟೆಯನ್ನು ತಿಳಿಯಲು ಅವನು ಎರಡು ತಿಂಗಳಿನಿಂದ ಅಂತಹುದೇ ಸೈಕಲ್ಲುಗಳ ಜಾಹೀರಾತುಗಳನ್ನು ಬರೆದಿಟ್ಟುಕೊಂಡಿದ್ದನು. ಮೂವತ್ತು ಸಾವಿರ ಕೇಳುವವರು ಅನೇಕರಿದ್ದರು. ಆದರೆ ವಾರಗಟ್ಟಲೆ ಅಲ್ಲೇ ನಿಂತ ಜಾಹೀರಾತು ಬೆಲೆಯಲ್ಲ, ಆಸೆ. ನಿಜವಾಗಿ ಮಾರಾಟವಾದವು ಹದಿನೈದರಿಂದ ಇಪ್ಪತ್ತು ಸಾವಿರದೊಳಗೆ. ಮೇಲಾಗಿ, ಅಷ್ಟೇ ಹಣಕ್ಕೆ ಅಂಗಡಿಯಲ್ಲಿ ಗೇರಿನ ಹೊಸ ಸೈಕಲ್ಲು ಸಿಗುತ್ತದೆ. ಹಳೆಯದನ್ನು ಕೊಳ್ಳುವವನು ಅದರ ಕಥೆಗೂ ಸ್ವಲ್ಪ ಹಣ ಕೊಡುತ್ತಾನೆಂಬುದು ನಿಜ. ರ‍್ಯಾಲಿಗೆ ಕಥೆಯೂ ಉಂಟು: 1980ರಲ್ಲಿ ಟಿ.ಐ.-ರ‍್ಯಾಲಿ ತಂಡದ ಯೂಪ್ ಜೂಟೆಮೆಲ್ಕ್ ಟೂರ್ ದ ಫ್ರಾನ್ಸ್ ಪಂದ್ಯವನ್ನು ಗೆದ್ದನು. ನಾಟಿಂಗ್‌ಹ್ಯಾಮಿನ ಕಾರ್ಖಾನೆ 2002ರಲ್ಲಿ ಮುಚ್ಚಿತು. ಇನ್ನು ಆ ಹೆಸರಿನ ಸೈಕಲ್ಲು ಅಲ್ಲಿಂದ ಬರಲಾರದು. ಇವೆಲ್ಲವನ್ನೂ ತೂಗಿ, 18,500 ಎಂದು ಹೇಳಿ 17,000ಕ್ಕೆ ಇಳಿಯುವುದೆಂದು ನಿಶ್ಚಯಿಸಿದೆವು.

ಒಂದು ಚೀಟಿಯ ಆಮಿಷ

ಈ ನಡುವೆ ಹಳೆಯ ಸೈಕಲ್ಲುಗಳ ದಲಾಲಿಯೊಬ್ಬನು ಬಂದು ನೋಡಿ ಒಂದು ಉಪಾಯ ಹೇಳಿದನು. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ‘531’ ಎಂಬ ಹೆಸರಿನ ಉಕ್ಕಿನ ಕೊಳವೆಯನ್ನು ತಂದಿತು. ಮ್ಯಾಂಗನೀಸು, ಮಾಲಿಬ್ಡಿನಂ ಬೆರೆಸಿದ, ಹಗುರವೂ ಗಟ್ಟಿಯೂ ಆದ ಕೊಳವೆ ಅದು. ಉತ್ತಮ ರೇಸಿನ ಸೈಕಲ್ಲುಗಳ ಫ್ರೇಮಿನ ಮೇಲೆ ಅದರ ಚೀಟಿ ಅಂಟಿಸಿರುತ್ತಿದ್ದರು. ಆ ಚೀಟಿಯಿದ್ದರೆ ಬೆಲೆ ಇಮ್ಮಡಿ. ನಮ್ಮ ಸೈಕಲ್ಲು ಅದಕ್ಕಿಂತ ಕೆಳದರ್ಜೆಯ ಸಾದಾ ಉಕ್ಕಿನದು. ಆದರೆ ಹಳೆಯ ಮಾದರಿಯ ಹೊಸ ಚೀಟಿಗಳು ಈಗ ಪೇಟೆಯಲ್ಲಿ ಸಿಗುತ್ತವೆ. “ಮುನ್ನೂರು ರೂಪಾಯಿಯ ಚೀಟಿ, ಮೂವತ್ತು ಸಾವಿರದ ಸೈಕಲ್ಲು” ಎಂದನು ದಲಾಲಿ.

ಗುಮಾಸ್ತನು ಅಂದು ರಾತ್ರಿ ನಮ್ಮ ಕಚೇರಿಗೆ ಬಂದನು. ಊರಿನಲ್ಲಿ ಅವನ ಮಗನಿಗೆ ಡಿಪ್ಲೊಮಾ ತರಗತಿಯಲ್ಲಿ ಸೀಟು ಸಿಕ್ಕಿತ್ತು. ಜೂನ್ 15ರೊಳಗೆ ಹದಿನೈದು ಸಾವಿರ ಕಟ್ಟಬೇಕಿತ್ತು. “ಏನು ಮಾಡಲಿ, ಧಣಿಗಳೇ? ಯಾರಿಗೂ ಪೆಟ್ಟಾಗುವ ಸುಳ್ಳಲ್ಲವಲ್ಲ” ಎಂದನು.

ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಬೇರೆಯೇ ಒಂದು ಚಿತ್ರ. ಹೋಟೆಲು ನಡೆಸುತ್ತಿದ್ದ ಮೊದಲ ವರ್ಷಗಳಲ್ಲಿ ನಾವು ನಮ್ಮ ಹಳೆಯ ಗ್ರೈಂಡರನ್ನು ಠಾಣೆಯಲ್ಲಿ ಹೊಸದಾಗಿ ಹೋಟೆಲು ಹಾಕಿದ ನಮ್ಮ ಜಿಲ್ಲೆಯವರೊಬ್ಬರಿಗೆ ಮಾರಿದ್ದೆವು. ಅದರ ಕಲ್ಲಿನಲ್ಲಿ ಬಿರುಕಿತ್ತು. ಸಿಮೆಂಟು ತುಂಬಿ, ಮೇಲೆ ಬಣ್ಣ ಬಳಿದು ಕೊಟ್ಟೆವು. ಎರಡು ತಿಂಗಳಲ್ಲಿ ಕಲ್ಲು ಒಡೆಯಿತೆಂದು ಬೇರೆಯವರಿಂದ ಕೇಳಿದೆವು. ಅವರು ನಮ್ಮಲ್ಲಿಗೆ ಬಂದು ಜಗಳವಾಡಿದ್ದರೆ ಹಣ ಹಿಂತಿರುಗಿಸಿ ನೆಮ್ಮದಿ ಪಡೆಯಬಹುದಿತ್ತು. ಬರಲಿಲ್ಲ. ಒಂದು ಯಕ್ಷಗಾನದ ಆಟದಲ್ಲಿ ಎದುರಾದಾಗ ಕೈಮುಗಿದು, “ಸೌಖ್ಯವೇ?” ಎಂದು ಕೇಳಿ ಮುಂದೆ ಹೋದರು. ಹಣವನ್ನು ನಾವು ಆಮೇಲೆ ಮುಟ್ಟಿಸಿದೆವು. ಆ ಕೈಮುಗಿತವನ್ನು ಮಾತ್ರ ಇಂದಿಗೂ ತೀರಿಸಲಾಗಿಲ್ಲ.

ಇಷ್ಟನ್ನೂ ಅವನಿಗೆ ಹೇಳಿ, “ತೀರ್ಮಾನ ನಿನ್ನದು ಮಾರಾಯ, ಶುಲ್ಕ ಕಟ್ಟಬೇಕಾದವನು ನೀನು. ಸಾಲ ಬೇಕಾದರೆ ಕೇಳು” ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಲ ಬೇಡ. ನೋಡುವ” ಎಂದು ಎದ್ದು ಹೋದನು.

ಮಾರಾಟ

ಅವನು ಬರೆದ ಜಾಹೀರಾತನ್ನು ನಾವು ನೋಡಿದ್ದೇವೆ. ಫ್ರೇಮಿನ ಅಳತೆ, ಟಯರಿನ ಅಳತೆ, ಬದಲಿಸಿದ ಭಾಗಗಳ ಪಟ್ಟಿ, ಬದಲಿಸದ ಭಾಗಗಳ ಪಟ್ಟಿ. ‘531 ಅಲ್ಲ, ಸಾದಾ ಉಕ್ಕು’ ಎಂದು ಸ್ಪಷ್ಟವಾಗಿ ಬರೆದಿದ್ದನು. ಬೆಳಗಿನ ಬೆಳಕಿನಲ್ಲಿ, ಬರಿಯ ಗೋಡೆಯ ಮುಂದೆ, ಚೈನು ಕಾಣುವ ಬಲಮಗ್ಗುಲಿನಿಂದ ತೆಗೆದ ಪೂರ್ಣ ಚಿತ್ರವೊಂದು. ಗೀರು, ತುಕ್ಕಿನ ಕಲೆಗಳ ಹತ್ತಿರದ ಚಿತ್ರಗಳು ನಾಲ್ಕು. ಇನ್ನೂ ಒಂದು ವಾಕ್ಯವಿತ್ತು: ಕ್ರೋಮಿನ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಬ್ರೇಕು ತಡವಾಗಿ ಹಿಡಿಯುತ್ತದೆ, ಎಚ್ಚರಿಕೆ. ಮುಂಬಯಿಯ ಮಳೆಗಾಲದ ಹೊಸ್ತಿಲಲ್ಲಿ ಮಾರುವವನು ಇದನ್ನು ಮುಚ್ಚಿಟ್ಟರೆ ಅದು ಪ್ರಾಣದ ಪ್ರಶ್ನೆಯಾದೀತು.

ಮೊದಲು ಬಂದವನು 531 ಅಲ್ಲವೆಂದು ಕೇಳಿ ಹಿಂತಿರುಗಿದನು. ಮೂರು ವಾರ ಯಾರೂ ಬರಲಿಲ್ಲ. ಜೂನ್ ಮೊದಲ ವಾರದಲ್ಲಿ ಬಾಂದ್ರಾದ ಹೊಸ ಉಪಹಾರಗೃಹವೊಂದರ ಅಲಂಕಾರ ಮಾಡಿಸುವವನು ಬಂದು, ಗೋಡೆಗೆ ತೂಗುಹಾಕಲು ಹದಿನೈದು ಸಾವಿರ ಕೊಡುವೆನೆಂದನು. ಸರಿಯಾಗಿ ಶುಲ್ಕದ ಹಣ! ಚೀಟಿಯ ಸುಳ್ಳನ್ನು ಒಲ್ಲೆನೆಂದವನಿಗೆ ಈಗ ಆ ವೃದ್ಧೆಯ ಮಾತು ಅಡ್ಡ ಬಂದಿತು. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ; ಮುರಿದರೆ ಕೇಳುವವರೂ ಇಲ್ಲ. ಗುಮಾಸ್ತನು ನಾಲ್ಕು ದಿನ ಅವಕಾಶ ಕೇಳಿದನು. ಮೂರನೆಯ ದಿನ ಪೊವಾಯಿಯಿಂದ ಒಬ್ಬ ತರುಣ ಇಂಜಿನಿಯರನು ಬಂದು, ಸೀಟಿನ ಕೆಳಗಿನ ಕೊಳವೆಯನ್ನು ಎಳೆದು ಅಳತೆ ಸಾಧನದಿಂದ ಅಳೆದನು. 531ರ ಉತ್ತಮ ಫ್ರೇಮುಗಳಲ್ಲಿ ಅದು ಸಾಮಾನ್ಯವಾಗಿ 27.2 ಮಿಲಿಮೀಟರು, ಇದರಲ್ಲಿ 26ಕ್ಕಿಂತ ಸ್ವಲ್ಪ ಹೆಚ್ಚು. “ನೀವು ಬರೆದದ್ದು ಸರಿಯಾಗಿದೆ” ಎಂದಷ್ಟೇ ಹೇಳಿ ಗಲ್ಲಿಯಲ್ಲಿ ಎರಡು ಸುತ್ತು ಹೊಡೆದು ಬಂದು, ಸ್ವಲ್ಪ ಚೌಕಾಶಿಯ ನಂತರ 17,000ಕ್ಕೆ ಕೊಂಡನು.

ಮಾರಾಟದ ಚೀಟಿಯನ್ನು ಎರಡು ಪ್ರತಿ ಬರೆದೆವು. ಫ್ರೇಮಿನ ಮೇಲೆ ಕೊರೆದಿರುವ ಸಂಖ್ಯೆ, ತಾರೀಖು, ಹಣ, ಇಬ್ಬರ ಸಹಿ. ಜೊತೆಗೆ ವೃದ್ಧೆಯಿಂದ ಖರೀದಿಯ ಸಮಯದಲ್ಲೇ ಪಡೆದಿದ್ದ ಕಾಗದದ ಪ್ರತಿ. ಹಳೆಯ ಸೈಕಲ್ಲು ಕೊಳ್ಳುವ ನಮ್ಮ ಹುಡುಗರು ಇದನ್ನು ಮರೆಯಬಾರದು. ಕದ್ದ ಮಾಲೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೋ ಕೊಳ್ಳುವುದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ ಅಪರಾಧ. ಬಡವನ ಕೈಯಲ್ಲಿ ಬೆಲೆಬಾಳುವ ವಸ್ತುವನ್ನು ಕಂಡಾಗ ಲೋಕವು ಮೊದಲು ಕೇಳುವುದು ಕಾಗದವನ್ನು.

ಖರ್ಚು ಕಳೆದು ಅವನಿಗೆ ಉಳಿದದ್ದು 7,600 ರೂಪಾಯಿ, ಗಂಟೆಗೆ 190ರಂತೆ. ಸುಳ್ಳು ಹೇಳಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತೇ? ಬಹುಶಃ ಸಿಗುತ್ತಿತ್ತು. ಎಲ್ಲ ಗಿರಾಕಿಗಳೂ ಅಳತೆ ಸಾಧನವನ್ನು ತರುವುದಿಲ್ಲ. ಸತ್ಯಕ್ಕೆ ಯಾವಾಗಲೂ ಲಾಭವೆಂದು ಬರೆದರೆ ಅದೂ ಒಂದು ಅಂಟಿಸಿದ ಚೀಟಿಯೇ ಆದೀತು. ಶುಲ್ಕವನ್ನು ಮರುದಿನವೇ ಊರಿಗೆ ಕಳುಹಿಸಿದನು.

ಕಳೆದ ತಿಂಗಳು ಬೆಳಗಿನ ಆರು ಗಂಟೆಗೆ, ಹೋಟೆಲಿನ ಷಟರು ಏರಿಸುವ ಹೊತ್ತಿಗೆ, ಆ ಇಂಜಿನಿಯರನು ಅದೇ ಸೈಕಲ್ಲಿನಲ್ಲಿ ಬಂದಿಳಿದು ಎರಡು ಇಡ್ಲಿ ತಿಂದು ಹೋದನೆಂದು ನಮ್ಮ ತಮ್ಮ ತಿಳಿಸಿದನು. ಗುಮಾಸ್ತನು ಹೊರಗೆ ಬಂದು ಸೈಕಲ್ಲಿನ ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟನಂತೆ. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಇಡ್ಲಿಯ ಹಣವನ್ನು ಮಾತ್ರ ತೆಗೆದುಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದನಂತೆ.